ಹದಿನೇಳನೆಯ ಸುತ್ತಿನ ಕೂಗು

ನನ್ನ ತಂಗಿ ನಡಿಗೆಯ ಸ್ಪರ್ಧೆಯಲ್ಲಿ ದೇಶದ ಪರವಾಗಿ ಆಡುತ್ತಾಳೆ ಎಂದರೆ ನಮ್ಮ ಕಡೆಯ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸುತ್ತಾರೆ. ಓಟ ಗೊತ್ತು, ಕಬಡ್ಡಿ ಗೊತ್ತು, ಕುಸ್ತಿ ಗೊತ್ತು. ನಡೆಯುವುದಕ್ಕೂ ಪದಕ ಇದೆ ಎಂಬುದನ್ನು ನಮ್ಮ ಅಪ್ಪನೇ ಬಹಳ ವರ್ಷ ನಂಬಿರಲಿಲ್ಲ. ಗುಡೇಕೋಟೆಯ ಸುತ್ತಿನ ಗುಡ್ಡಗಳಲ್ಲಿ ಜೀವಮಾನವೆಲ್ಲ ಕುರಿಗಳ ಹಿಂದೆ ನಡೆದವನು ಅವನು. "ನಡಿಯಾಕ ಮೆಡಲ್ ಕೊಡೋದಾದ್ರ ಮೊದ್ಲು ನಮ್ಮ ಟಗರಿಗೆ ಕೊಡ್ಬೇಕಿತ್ತಲೇ," ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಅವಳಿಗೆ ಅದೇ ನಡಿಗೆಯಿಂದ ರೈಲ್ವೆಯಲ್ಲಿ ನೌಕರಿ ಸಿಕ್ಕಿದ ಮೇಲೆ ಮಾತು ಬದಲಿಸಿದ. ಟಗರಿನ ಸುದ್ದಿ ಬಿಟ್ಟು, ನಡಿಗೆ ಕಲಿಸಿದವನು ತಾನೇ ಎನ್ನತೊಡಗಿದ.

ನಾನು ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಈ ಸಲ ಅವಳ ಸ್ಪರ್ಧೆ ಸಮುದ್ರದಾಚೆಯ ದೇಶವೊಂದರ ದೊಡ್ಡ ಕ್ರೀಡಾಕೂಟದಲ್ಲಿತ್ತು. ನಮ್ಮಂಥವರು ಹೊರದೇಶಕ್ಕೆ ಹೋಗಬೇಕಾದರೆ ಇಲಾಖೆಯ ಅನುಮತಿ ಬೇಕು. ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬಲ್ಲಿ 'ತಂಗಿಯ ನಡಿಗೆಯನ್ನು ನೋಡಲು' ಎಂದು ಬರೆದಿದ್ದೆ. ಸಾಹೇಬರು ಅದನ್ನು ಎರಡು ಸಲ ಓದಿದರು. "ಏನ್ರೀ, ನಡಿಯೋರ್ನ ನೋಡಾಕ ಅಷ್ಟು ದೂರ ಯಾಕ್ರಿ? ಕೊಟ್ಟೂರಿಗೆ ಪಾದಯಾತ್ರೆ ಹೋಗೋರ್ನ ನೋಡ್ರಿ, ರಸ್ತೆ ತುಂಬ ಅದಾರ," ಎಂದರು. ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅನುಮತಿ ಬೇಕಾದವನು ನಗಲೇಬೇಕು.

ಹೋಗಲೇಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿತ್ತು. ತಂಗಿಗೆ ಮೂವತ್ತೊಂದು ತುಂಬಿತ್ತು, ಎಡ ಮೊಣಕಾಲು ಸವೆದಿತ್ತು. "ಇದ ಕೊನಿ ಸಲ ಅಣ್ಣ. ಪದಕ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಆಮ್ಯಾಲೆ ಸುಮ್ನ ಡ್ಯೂಟಿ ಮಾಡ್ಕಂಡಿರ್ತೀನಿ," ಎಂದು ಫೋನಿನಲ್ಲಿ ಹೇಳಿದ್ದಳು. ಹದಿನಾರು ವರ್ಷದ ದುಡಿಮೆ ಒಂದು ಬೆಳಗಿನಲ್ಲಿ ತೀರ್ಮಾನವಾಗುವುದಿತ್ತು. ಅಷ್ಟು ವರ್ಷದಲ್ಲಿ ಅವಳ ಒಂದು ಸ್ಪರ್ಧೆಯನ್ನೂ ನಾನು ಎದುರಿಗೆ ನಿಂತು ನೋಡಿರಲಿಲ್ಲ.

ಅವ್ವ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದು ಕಟ್ಟು ಖಡಕ್ ರೊಟ್ಟಿ, ಕಾಗದದಲ್ಲಿ ಸುತ್ತಿದ ದೇವರ ಅರಿಸಿನದ ಭಂಡಾರ ಕೊಟ್ಟಿದ್ದಳು. ಆ ದೇಶದ ವಿಮಾನ ನಿಲ್ದಾಣದಲ್ಲಿ ಭಂಡಾರದ ಪೊಟ್ಟಣ ಬಿಚ್ಚಿ ಮೂವರು ಸಿಬ್ಬಂದಿ ಸುತ್ತ ನಿಂತರು. ಹಳದಿ ಪುಡಿ ಏನೆಂದು ವಿವರಿಸುವಷ್ಟು ಇಂಗ್ಲಿಷು ಅವರಿಗೂ ಇಲ್ಲ, ನನಗೂ ಇಲ್ಲ. ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡು ಕೈ ಮುಗಿದೆ. ಅವರಲ್ಲಿ ಹಿರಿಯಳಾದ ಹೆಂಗಸು ತಾನೂ ಕೈ ಮುಗಿದು ಪೊಟ್ಟಣ ವಾಪಸು ಕೊಟ್ಟಳು.

ಕ್ರೀಡಾಕೂಟ ಊರನ್ನೇ ಆವರಿಸಿತ್ತು. ಒಂದು ಕಡೆ ಈಜು, ಇನ್ನೊಂದು ಕಡೆ ಬಿಲ್ಲುಗಾರಿಕೆ, ಮತ್ತೊಂದು ಕಡೆ ನಾನು ಹೆಸರೇ ಕೇಳದ ಆಟಗಳು. ಮೊದಲ ದಿನ ಭಾರ ಎತ್ತುವುದನ್ನು ನೋಡಲು ಹೋದೆ, ಟಿಕೆಟ್ ಸಿಕ್ಕಿತ್ತು ಎಂಬುದಷ್ಟೇ ಕಾರಣ. ನಮ್ಮ ದೇಶದವರು ಯಾರೂ ಇರಲಿಲ್ಲ. ಪಕ್ಕದ ಕುಟುಂಬ ತಮ್ಮ ದೇಶದವನಿಗಾಗಿ ಗಂಟಲು ಹರಿಯುವಂತೆ ಕೂಗುತ್ತಿತ್ತು, ನಾನೂ ಅವರ ಜೊತೆ ಚಪ್ಪಾಳೆ ತಟ್ಟಿದೆ. ಆತ ಸೋತ. ಅವರು ಅತ್ತರು, ನಾನು ಹೊರಗೆ ಬಂದು ಚಹಾ ಹುಡುಕಿದೆ. ಸಂಬಂಧವಿಲ್ಲದವರ ಸೋಲು ನೋಡುವುದು ಬಹಳ ಹಗುರದ ಕೆಲಸ.

ನಡಿಗೆಗೆ ಟಿಕೆಟ್ ಇರಲಿಲ್ಲ. ಊರ ನಡುವಿನ ರಸ್ತೆಯೊಂದನ್ನು ಮುಚ್ಚಿ, ಎರಡೂ ಬದಿಗೆ ಕಬ್ಬಿಣದ ತಡೆಗಂಬಿ ನಿಲ್ಲಿಸಿದ್ದರು. ಒಂದು ಸುತ್ತಿಗೆ ಒಂದು ಕಿಲೋಮೀಟರು, ಒಟ್ಟು ಇಪ್ಪತ್ತು ಸುತ್ತು. ನಿಯಮ ಎರಡೇ: ಯಾವಾಗಲೂ ಒಂದು ಪಾದ ನೆಲದ ಮೇಲಿರಬೇಕು, ಮುಂದಿಟ್ಟ ಕಾಲು ಮಂಡಿಯಲ್ಲಿ ಮಡಚಬಾರದು. ಅಲ್ಲಲ್ಲಿ ತೀರ್ಪುಗಾರರು ನಿಂತು ಬರೀ ಕಾಲು ನೋಡುತ್ತಿರುತ್ತಾರೆ. ತಪ್ಪು ಕಂಡರೆ ಕೆಂಪು ಚೀಟಿ ಬರೆಯುತ್ತಾರೆ. ಮೂರು ಚೀಟಿಯಾದರೆ ರಸ್ತೆ ಬದಿಯ ಕಟಕಟೆಯಂಥ ಜಾಗದಲ್ಲಿ ಎರಡು ನಿಮಿಷ ನಿಲ್ಲಬೇಕು. ಯಾರಿಗೆ ಎಷ್ಟು ಚೀಟಿ ಎಂಬುದನ್ನು ದೊಡ್ಡ ಬೋರ್ಡಿನಲ್ಲಿ ತೋರಿಸುತ್ತಾರೆ.

ಬೆಳಿಗ್ಗೆ ಏಳಕ್ಕೆ ಶುರುವಾಯಿತು. ಹತ್ತನೆಯ ಸುತ್ತಿಗೆ ತಂಗಿ ಐದನೆಯವಳು, ಹದಿನಾಲ್ಕಕ್ಕೆ ಮೂರನೆಯವಳು. ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ಎರಡು ಚೀಟಿ ಬಿದ್ದಿದ್ದವು. ಇನ್ನೊಂದು ಬೀಳದಂತೆ ಆರು ಸುತ್ತು ನಡೆದರೆ ಪದಕ. ಲೆಕ್ಕ ಅಷ್ಟು ಸರಳವಾಗಿತ್ತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಪ್ರತಿ ಸುತ್ತಿನಲ್ಲೂ ಅವಳು ನನ್ನಿಂದ ಎರಡು ಮಾರು ದೂರದಲ್ಲಿ ಹಾದು ಹೋಗುತ್ತಿದ್ದಳು. ಪ್ರತಿ ಸಲವೂ ಹೆಸರು ಹಿಡಿದು ಕೂಗಿದೆ. ಒಮ್ಮೆಯೂ ತಿರುಗಲಿಲ್ಲ. ಎದುರುಗಡೆ ಯಾವುದೋ ದೇಶದವರು ಗಂಟೆ ಬಾರಿಸುತ್ತಿದ್ದರು, ಮಗ್ಗುಲಲ್ಲಿ ಡೋಲು. ಆ ಗದ್ದಲದಲ್ಲಿ ನನ್ನ ದನಿ ಸಂತೆಯಲ್ಲಿ ಮಂತ್ರ ಹೇಳಿದಂತಾಗಿತ್ತು. ನನಗೆ ಸಿಟ್ಟು ಬಂತು. ರಜೆ ಹಾಕಿ, ಸಾಹೇಬರ ಕುಹಕ ಕೇಳಿ, ಸಮುದ್ರ ದಾಟಿ ಬಂದರೆ ನಾನು ಬಂದದ್ದೇ ಇವಳಿಗೆ ಗೊತ್ತಾಗುತ್ತಿಲ್ಲವಲ್ಲ ಎನಿಸಿತು. ಅವಳಿಗೆ ಹುರುಪು ಬರಲಿ ಎಂದು ಕೂಗಿದೆ ಎಂದು ಊರಲ್ಲಿ ಹೇಳಿಕೊಂಡು ತಿರುಗಬಹುದು. ನಿಜ ಅದಲ್ಲ. ಅವಳು ನನ್ನನ್ನು ನೋಡಬೇಕಿತ್ತು, ಅಷ್ಟೇ.

ಹದಿನೇಳನೆಯ ಸುತ್ತಿನಲ್ಲಿ ಅವಳು ತಿರುವು ದಾಟಿ ಬರುತ್ತಿದ್ದಾಗ ಎರಡೂ ಕೈ ಬಾಯಿಗೆ ಹಿಡಿದು ಕುರಿಗಾಹಿಗಳ ಕೂಗು ಹಾಕಿದೆ. ಎರಡು ಸಲ ಗಿಡ್ಡ, ಒಂದು ಸಲ ಉದ್ದ: ಹೋವ್, ಹೋವ್, ಹೋ...ವ್! ಎರಡು ಗುಡ್ಡದ ಆಚೆಗೂ ಕೇಳುವ ಕೂಗು ಅದು. ಡೋಲಿನವನು ಬೆಚ್ಚಿ ಕೋಲು ನಿಲ್ಲಿಸಿದ.

ಆ ಕೂಗು ತಮಾಷೆಯದಲ್ಲ. ನಮ್ಮ ಗುಡ್ಡಗಳಲ್ಲಿ ಕರಡಿ ಜಾಸ್ತಿ. ಕುರಿ ಕಾಯುವಾಗ ಒಬ್ಬೊಬ್ಬರು ಒಂದೊಂದು ದಿಕ್ಕಿಗಿರುತ್ತಾರೆ. ಜೀವಕ್ಕೆ ಅಪಾಯ ಬಂದವರು ಮಾತ್ರ ಅದನ್ನು ಕೂಗಬೇಕು. ಕೇಳಿದವರು ಯಾಕೆ, ಏನು ಎನ್ನಬಾರದು, ಕುರಿ ಚೆದುರಿದರೆ ಚೆದುರಲಿ ಎಂದು ಬಿಟ್ಟು ಕೂಗಿದವರ ಕಡೆ ಓಡಬೇಕು. ನಡೆಯಲು ಕಲಿತ ಮಕ್ಕಳಿಗೆ ನಮ್ಮ ಮನೆಯಲ್ಲಿ ಕಲಿಸುವ ಮೊದಲ ಪಾಠ ಇದು. ನಾನು ಹತ್ತನೆಯ ವಯಸ್ಸಿಗೇ ಕೂಡ್ಲಿಗಿಯ ಹಾಸ್ಟೆಲ್ ಸೇರಿ, ಓದಿ, ನೌಕರಿ ಹಿಡಿದವನು. ಕೂಗು ನನ್ನ ಗಂಟಲಲ್ಲಿ ಉಳಿದಿತ್ತು, ಅದರ ಕಟ್ಟಳೆ ತಲೆಯಿಂದ ಹೋಗಿತ್ತು.

ಅವಳು ಓಡಿದಳು. ಮುಂದಕ್ಕಲ್ಲ, ನನ್ನ ಕಡೆಗೆ. ಪಾದ ಎರಡೂ ನೆಲ ಬಿಟ್ಟವು. ಬಾಯಿ ತೆರೆದಿತ್ತು, ಮುಖದ ಬಣ್ಣ ಹೋಗಿತ್ತು. ನಾಲ್ಕು ಹೆಜ್ಜೆ. ತಡೆಗಂಬಿಯ ಹಿಂದೆ ಟೋಪಿ ಹಾಕಿಕೊಂಡು, ಬಾವುಟ ಕಂಕುಳಲ್ಲಿ ಸಿಗಿಸಿಕೊಂಡು ಗುಂಡುಕಲ್ಲಿನ ಹಾಗೆ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ತಿರುಗಿ ನಡೆಯತೊಡಗಿದಳು. ಹತ್ತಿರದಲ್ಲೇ ಇದ್ದ ತೀರ್ಪುಗಾರ ಜೇಬಿನಿಂದ ಪೆನ್ನು ತೆಗೆದ.

ಬೋರ್ಡಿನಲ್ಲಿ ಮೂರನೆಯ ಚೀಟಿ ಮೂಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳನ್ನು ಕಟಕಟೆಗೆ ಕರೆದರು. ಅದು ನಾನು ನಿಂತಲ್ಲಿಂದ ಸರಿಯಾಗಿ ಕಾಣುತ್ತಿತ್ತು. ನಮ್ಮ ಕಚೇರಿಯಲ್ಲಿ ಎರಡು ನಿಮಿಷದಲ್ಲಿ ಒಂದು ಕಡತವೂ ಕೈಗೆ ಬರುವುದಿಲ್ಲ. ಅಲ್ಲಿ ಎರಡು ನಿಮಿಷದಲ್ಲಿ ಐವರು ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ಅವಳನ್ನು ದಾಟಿ ಹೋದರು. ಅವಳು ಸೊಂಟಕ್ಕೆ ಕೈ ಇಟ್ಟು ಗಡಿಯಾರ ನೋಡುತ್ತ ನಿಂತಿದ್ದಳು. ನನಗೆ ಅಲ್ಲಿಂದ ಓಡಿಹೋಗಬೇಕು ಎನಿಸಿತು. ಬಾವುಟ ಮಡಚಿ ಚೀಲಕ್ಕೆ ತುರುಕಿ ಅಲ್ಲೇ ನಿಂತೆ.

ಹೊರಗೆ ಬಿಟ್ಟ ಮೇಲೆ ಇಬ್ಬರನ್ನು ಹಿಂದೆ ಹಾಕಿದಳು. ಆರನೆಯವಳಾಗಿ ಮುಗಿಸಿದಳು.

ಒಂದು ಗಂಟೆಯ ನಂತರ ಮನೆಯವರನ್ನು ಕಾಣಲು ಬಿಟ್ಟರು. ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು, ಎಡಗಾಲು ಎಳೆಯುತ್ತ ಬಂದಳು.

"ನಿನಗೇನಾಗಿತ್ತಣ್ಣ?" ಎಂದು ಅವಳೇ ಕೇಳಿದಳು.

"ಏನೂ ಆಗಿದ್ದಿಲ್ಲ."

"ಎದಿ ಹಿಡ್ಕಂಡು ಬಿದ್ದಿಯೇನೋ ಅನ್ಕಂಡೆ. ಪರದೇಶದಾಗ ಇವನಿಗೆ ಯಾರದಾರ ಅಂತ ಓಡಿಬಂದೆ."

"ನಾ ಬಂದಿದ್ದು ನಿನಗ ಗೊತ್ತಾಗ್ಲಿ ಅಂತ ಕೂಗಿದೆ ತಂಗಿ. ತಪ್ಪಾತು. ನೀನು ಒಂದ್ಸಲಾನೂ ಈ ಕಡಿ ತಿರುಗಲಿಲ್ಲ."

"ಮೊದಲನೇ ಸುತ್ತಿನಾಗ ನೋಡಿದ್ನಲ್ಲ. ತಿರುಗಿದ್ರ ಹೆಜ್ಜಿ ತಪ್ಪತೈತಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಕುಡಿಯುವ ನೀರಿನ ಬಾಟಲಿಯ ಬಿರಡೆ ಬಿಚ್ಚಲು ನನ್ನ ಕೈಗೆ ಕೊಟ್ಟಳು.

ಬಿರಡೆ ತಿರುಗಿಸುವಾಗ ನನಗೆ ಇನ್ನೊಂದು ದಿನ ನೆನಪಾಯಿತು. ಅವಳಿಗೆ ಒಂಬತ್ತು, ನನಗೆ ಹದಿನೈದು. ದಸರಾ ರಜೆಗೆ ಬಂದಿದ್ದ ನಾನು ಗುಡ್ಡದ ಬಂಡೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಕೆಳಗಿನ ಹಳ್ಳದಿಂದ ಅವಳ ಕೂಗು ಬಂತು. ತನ್ನ ಮರಿಗಳ ಜೊತೆಗಿದ್ದ ಕರಡಿಯೊಂದು ಅವಳಿಗೆ ಎದುರಾಗಿತ್ತು. ನಾನು ಏಳಲಿಲ್ಲ. ಹೆದರಿದ್ದೆ. ಆಚೆ ಗುಡ್ಡದಿಂದ ಅಪ್ಪ ಓಡಿ ಬಂದು ಕರಡಿಯನ್ನು ಬೆದರಿಸಿ ಓಡಿಸಿದ. ನನಗೆ ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಗಾಳಿ ಆ ಕಡೆಗಿತ್ತು ಬಿಡು ಎಂದು ಅಪ್ಪನೇ ನನ್ನ ಪರವಾಗಿ ಮಾತಾಡಿದ. ಇಪ್ಪತ್ತೆರಡು ವರ್ಷ ಆ ಸುಳ್ಳು ನಡೆದುಕೊಂಡು ಬಂದಿತ್ತು.

ಬಾಟಲಿ ಕೊಡುತ್ತ ಹೇಳಿಬಿಟ್ಟೆ. "ಅವತ್ತು ಕರಡಿ ಬಂದಾಗ ನೀ ಕೂಗಿದ್ದು ನನಗ ಕೇಳ್ಸಿತ್ತು. ನಾ ಬರಲಿಲ್ಲ."

ಅವಳು ಅರ್ಧ ಬಾಟಲಿ ನೀರು ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡಳು.

"ಗೊತ್ತೈತಿ ಬಿಡಣ್ಣ," ಎಂದಳು. "ಬಂಡೆಗಲ್ಲಿನ ಮ್ಯಾಲೆ ಕುಂತಿದ್ದಿ. ನಾ ನಿಂತಲ್ಲಿಂದ ಕಾಣ್ತಿದ್ದಿ."