ಒರೆಸಿ ಅಳೆದ ನಲವತ್ತೊಂದು ದಿನ

ಬೆಳಗಿನ ಆರೂಕಾಲು. ನೈರೋಬಿಯ ಅಂಚಿನ ಎಂಬಕಸಿಯ ಶೆಡ್ಡೊಂದರಲ್ಲಿ ವತ್ಸಲಾ ಮೊಣಕಾಲೂರಿ ಕೂತು, ಪೈಲಟ್ ಇಲ್ಲದ ಪುಟ್ಟ ಸರಕು ವಿಮಾನದ ರೆಕ್ಕೆಯ ಮುಂದಂಚಿಗೆ ಭೂತಗನ್ನಡಿ ಹಿಡಿದಿದ್ದಾರೆ. ನಿನ್ನೆಯ ಹಾರಾಟದಲ್ಲಿ ಬಡಿದ ಮಳೆಹುಳುಗಳು ಒಣಗಿ ಅಂಟಿಕೊಂಡಿವೆ. ಒಂದೊಂದೂ ಎಷ್ಟು ಎತ್ತರವಿದೆ ಎಂದು ಅಳೆದು ಬರೆಯುತ್ತಾರೆ. ದಿನಕ್ಕೆ ಆರು ರೆಕ್ಕೆ, ರೆಕ್ಕೆಗೆ ಅರವತ್ತು ಅಳತೆ.

"ಮಾಮಾ, ಹುಳಗಳಿಗೆ ಹೆಸರೂ ಇಡ್ತೀರಾ?" ತೊಳೆಯಲು ಬಕೆಟ್ಟು ಹಿಡಿದು ಕಾಯುತ್ತಿರುವ ಗ್ಲೋರಿಯಾ ಸ್ವಾಹಿಲಿಯಲ್ಲಿ ಛೇಡಿಸುತ್ತಾಳೆ. ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ಮಾಮಾ, ಅಂದರೆ ಅಮ್ಮ ಎಂದು.

"ಪೋಲೆ ಪೋಲೆ, ಗ್ಲೋರಿಯಾ. ನಿಧಾನ, ನಿಧಾನ. ಇದು ಮುಗೀಲಿ."

ಐವತ್ತೊಂದರ ವತ್ಸಲಾ ಮೈಸೂರಿನವರು. ಹದಿನಾಲ್ಕು ವರ್ಷ ನೈರೋಬಿಯ ಮಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿದವರು. ಅದು ಮುಚ್ಚಿತು. ಎಂಟು ತಿಂಗಳು ಮನೆಯಲ್ಲಿದ್ದು, ಮಗನ ವಯಸ್ಸಿನವರ ಕೈಕೆಳಗೆ ಈ ಕೆಲಸ ಹಿಡಿದರು.

ನಾಳೆ ಎಷ್ಟು ಹುಳ, ಎಷ್ಟು ಧೂಳು, ಎಂಥ ಗಾಳಿ, ಯಾರಿಗೂ ಗೊತ್ತಿಲ್ಲ. ಹಾಗಾಗಿ ವಿನ್ಯಾಸಕ ಕೌಸ್ತುಭ್ ಒಂದು ಒಳ್ಳೆಯ ದಿನಕ್ಕೆ ಹೊಂದುವ ರೆಕ್ಕೆಯನ್ನು ಹುಡುಕುವುದಿಲ್ಲ. ಸಾವಿರಾರು ಬಗೆಯ ದಿನಗಳನ್ನು ಕಂಪ್ಯೂಟರಿನಲ್ಲಿ ಊಹಿಸಿ, ಕೆಟ್ಟ ದಿನದಲ್ಲೂ ಕೈಬಿಡದ ಆಕಾರವನ್ನು ಹುಡುಕುತ್ತಾರೆ. ಆ ಊಹೆಗೆ ಆಧಾರ ವತ್ಸಲಾ ಬರೆಯುವ ಹಾಳೆ.

ಕಳೆದ ವರ್ಷ ಆ ಹಾಳೆ ಸುಳ್ಳಾಗಿತ್ತು. ನಲವತ್ತೊಂದು ದಿನ ಅವರು ರೆಕ್ಕೆಯನ್ನು ಒರೆಸಿ ಅಳೆದಿದ್ದರು.

"ಫ್ಯಾಕ್ಟರೀಲಿ ಒರೆಸದೆ ಏನನ್ನೂ ಅಳೀತಿರ್ಲಿಲ್ಲ. ಕೈ ತಾನಾಗೇ ಬಟ್ಟೆ ತಗೊಳ್ತು. ಕೊಳೇನೇ ಅಳೀಬೇಕು ಅಂತ ಹೊಳೀಲೇ ಇಲ್ಲ."

ಆ ಅಂಕಿಗಳನ್ನು ನಂಬಿ ಮಾಡಿದ ರೆಕ್ಕೆ ಮೊದಲ ಮಳೆಯ ಹುಳುಗಳು ಅಂಟಿ ಒರಟಾದೊಡನೆ ವಿಮಾನವನ್ನು ಎತ್ತಿಹಿಡಿಯಲಾರದೆ ಸೋತಿತು. ಏರುತ್ತಿದ್ದ ವಿಮಾನ, ಆಸ್ಪತ್ರೆಯೊಂದಕ್ಕೆ ಒಯ್ಯುತ್ತಿದ್ದ ರಕ್ತದ ಚೀಲಗಳ ಸಮೇತ ಬಯಲಿಗೆ ಬಿತ್ತು.

ಕಂಪನಿಯ ವರದಿಯಲ್ಲಿ 'ವಿನ್ಯಾಸದ ದೋಷ' ಎಂದಿದೆ. ಪಕ್ಕದಲ್ಲಿ ಕೌಸ್ತುಭ್ ಹೆಸರು. ಆ ವರದಿ ಓದಿದ ಸಭೆಯಲ್ಲಿ ವತ್ಸಲಾ ತಲೆ ತಗ್ಗಿಸಿ ಕೂತಿದ್ದರು. ನಿಜ ಹೇಳಿದ್ದು ಒಂಬತ್ತು ದಿನ ಬಿಟ್ಟು, ಅದೂ ಕೌಸ್ತುಭ್ ಒಬ್ಬರಿಗೇ.

"ಬಿಡಿ ಮೇಡಂ, ನಾನೂ ಒಂದಿನ ಬಂದು ನೋಡ್ಬೇಕಿತ್ತು," ಎಂದು ಕೌಸ್ತುಭ್ ನಗುತ್ತಾರೆ. "ನಿಮ್ಮನ್ನ ಕಳಿಸಿಬಿಟ್ರೆ ಈ ಹುಳ ಎಣಿಸೋರ್ಯಾರು?" ವರದಿಯನ್ನು ಅವರು ತಿದ್ದಿಸಿಲ್ಲ.

ವತ್ಸಲಾ ನಗುವುದಿಲ್ಲ. "ಆ ಹುಡುಗ ದಿನಾ ಗುಡ್ ಮಾರ್ನಿಂಗ್ ಮೇಡಂ ಅಂತಾನೆ. ಮುಖ ಎತ್ತಿ ನೋಡೋಕಾಗಲ್ಲ ನಂಗೆ."

ಈ ಲೇಖನಕ್ಕೆ ಮೂರು ಬಾರಿ ಒಲ್ಲೆ ಎಂದವರು ಕೊನೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಹೊಗಳೋದು ಬೇಡ. ಒರೆಸಿದ್ದು ವತ್ಸಲಾ ಅಂತ ಹಾಕಿ. ನಮ್ಮ ಬಾಸೂ ಕನ್ನಡದವ್ರೇ, ಹುಬ್ಬಳ್ಳಿಯವ್ರು, ಭಾನುವಾರ ನಿಮ್ಮ ಪೇಪರ್ ಓದ್ತಾರೆ. ಓದ್ಲಿ. ಅವ್ರ ಎದುರಿಗೆ ನಿಂತು ಹೇಳೋಕೆ ನಂಗಿನ್ನೂ ಆಗಿಲ್ಲ."