ಹಳದಿ ಹೊಟ್ಟೆಯ ಸೂರಕ್ಕಿ

ಅಂಬಣ್ಣನಿಗೆ ತನ್ನ ಬಗ್ಗೆ ತನಗೇ ಬಹಳ ಮೆಚ್ಚುಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು. ಹಾಗಂತ ಕೆಟ್ಟ ಮನುಷ್ಯನೇನಲ್ಲ. ಕಾಸಾರಶಿರಸಿಯಿಂದ ಎರಡು ಹರದಾರಿ ಆಚೆಗಿನ ಊರಿನಲ್ಲಿ ಬೀರಪ್ಪ ದೇವರ ಒಕ್ಕಲು, ನಾಲ್ವತ್ತು ಕುರಿ, ಎರಡೆಕರೆ ಜೋಳದ ಹೊಲ, ಗುಂಡಮ್ಮನೆಂಬ ಹೆಂಡತಿ. ರಜಾಕಾರರ ಹಾವಳಿಯಲ್ಲಿ ಊರು ಖಾಲಿಯಾದಾಗ ಹದಿನೈದು ದಿನ ಹಳ್ಳದ ಪೊದೆಯೊಳಗೆ ಕುರಿ ಬಚ್ಚಿಟ್ಟುಕೊಂಡು ಕೂತಿದ್ದ. ಒಂದು ಮರಿಯನ್ನೂ ಕಳೆದುಕೊಂಡಿರಲಿಲ್ಲ. ಆ ಕಥೆಯನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಆದರೆ ಊರು ಅವನಿಗೆ ಮರ್ಯಾದೆ ಕೊಡುತ್ತಿದ್ದುದು ಆ ಕಥೆಗಲ್ಲ, ಅವನ ಕಣ್ಣಿಗೆ. ಚಳಿ ಹೋಯಿತು, ಇನ್ನು ಕುರಿಯ ಉಣ್ಣೆ ಕತ್ತರಿಸಬಹುದು ಎಂದು ಸುತ್ತಿನ ಮೂರು ಊರಿಗೆ ಹೇಳುವವನು ಅವನೇ. ಅವನ ಅಪ್ಪನೂ ಹೇಳುತ್ತಿದ್ದ, ಅಜ್ಜನೂ ಹೇಳುತ್ತಿದ್ದ. ಅವರು ಹೇಳುತ್ತಿದ್ದುದು ಸೂರಕ್ಕಿಯನ್ನು ನೋಡಿ.

ಸೂರಕ್ಕಿ ಅಂದರೆ ಹೆಬ್ಬೆರಳಿನಷ್ಟು ಹಕ್ಕಿ, ಹೂವಿನೊಳಗೆ ಸೂಜಿಯಂಥ ಕೊಕ್ಕು ತೂರಿಸಿ ಜೇನು ಹೀರುವಂಥದು. ಮಳೆಗಾಲ ಮುಗಿದ ಮೇಲೆ ಗಂಡು ಸೂರಕ್ಕಿ ತನ್ನ ಕಪ್ಪು ನೀಲಿ ಬಣ್ಣವನ್ನೆಲ್ಲ ಉದುರಿಸಿ ಹೆಣ್ಣಿನ ಹಾಗೆ ಮಾಸಲು ಹಳದಿಯಾಗುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕರಿ ಗೆರೆ ಮಾತ್ರ ಉಳಿಯುತ್ತದೆ. ಸಂಕ್ರಾಂತಿ ದಾಟಿತೆಂದರೆ ಆ ಗೆರೆ ದಿನಾ ಇಷ್ಟಿಷ್ಟೇ ಅಗಲವಾಗಿ, ಒಂದು ಮುಂಜಾನೆ ಹಕ್ಕಿ ಮೈತುಂಬ ಕಪ್ಪಾಗಿ ಬಿಸಿಲಿಗೆ ಹೊಳೆಯುತ್ತದೆ. ಮುತ್ತುಗ ಮೊಗ್ಗು ಬಿಟ್ಟದ್ದು, ಮಾವು ಹೂವಾದದ್ದು ಎಲ್ಲರಿಗೂ ಕಾಣುತ್ತದೆ, ಆದರೆ ಗಿಡಗಳದ್ದು ಒಂದೊಂದು ವರ್ಷ ಒಂದೊಂದು ಅವಸರ. ಅವನ್ನು ನಂಬಿ ಕತ್ತರಿ ಹಿಡಿಯುವವರಿಲ್ಲ. ಮೂರು ಮುಂಜಾನೆ ಮೂರು ಪೊದೆಗಳಲ್ಲಿ ಮೂರು ಕರಿ ಹಕ್ಕಿಗಳನ್ನು ನೋಡಿ, ಬೀರಪ್ಪನ ಕಟ್ಟೆಗೆ ಬಂದು, ಹಕ್ಕಿ ಅಂಗಿ ಹಾಕಿತು ಎಂದು ಅಂಬಣ್ಣ ಹೇಳಬೇಕು. ಹೊಟ್ಟೆಯಡಿ ಬೆರಳಗಲ ಹಳದಿ ಉಳಿದಿದ್ದರೂ ಥಂಡಿ ಇನ್ನೊಮ್ಮೆ ತಿರುಗಿ ಬರುತ್ತದೆ ಎಂದೇ ಲೆಕ್ಕ.

ಈಗ ಹೇಳುವುದು ಊರು ಮುಂಬಯಿ ರಾಜ್ಯಕ್ಕೆ ಸೇರಿದ ಎರಡನೆಯ ಚಳಿಗಾಲದ ಮಾತು. ಅಷ್ಟೊತ್ತಿಗೆ ಅಂಬಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಲ್ಲಿ ಮಲಗಿದ ನಾಯಿಯನ್ನು ಮೆಟ್ಟುತ್ತಿದ್ದ, ತಟ್ಟೆಯ ಪಕ್ಕದ ನೆಲದ ಮೇಲೆ ರೊಟ್ಟಿ ಹುಡುಕುತ್ತಿದ್ದ. ಗೊತ್ತಿದ್ದದ್ದು ಗುಂಡಮ್ಮನೊಬ್ಬಳಿಗೇ. ಉದಗೀರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದು ಆಕೆ ಹೇಳಿ ಹೇಳಿ ಸಾಕಾದಳು. ಉದಗೀರಿಗೆ ಯಾಕೆ ಹೋದಿ ಎಂದು ಮಂದಿ ಕೇಳಿದರೆ ಏನು ಹೇಳಲಿ ಎಂಬುದೊಂದೇ ಇವನ ಚಿಂತೆ. ಹಿಂದಿನ ವರ್ಷ ಬರೀ ಅಂದಾಜಿನ ಮೇಲೆ ಹೇಳಿದ್ದ, ಅದು ಹೇಗೋ ಸರಿಹೋಗಿತ್ತು. ಸರಿಹೋದದ್ದೇ ತಪ್ಪಾಯಿತು ನೋಡಿ, ಈ ವರ್ಷವೂ ಧೈರ್ಯ ಬಂತು.

ಮೂರು ದಿನ ಮುಂಜಾನೆ ಹಳ್ಳದ ದಂಡೆಯ ಎಕ್ಕೆಯ ಪೊದೆಗಳ ಹತ್ತಿರ ಹೋಗಿ ನಿಂತ. ಹಕ್ಕಿ ಕೂಗಿದ್ದು ಕೇಳಿಸಿತು, ಏನೋ ಒಂದು ಕಪ್ಪಗೆ ಅಲ್ಲಾಡಿದಂತೆಯೂ ಆಯಿತು. ಸೂರ್ಯನಿಗೆ ಎದುರಾಗಿ ನೋಡಿದರೆ ಹುಲ್ಲುಕಡ್ಡಿಯೂ ಕಪ್ಪೇ, ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಕಟ್ಟೆಗೆ ಬಂದು, ಹಕ್ಕಿ ಅಂಗಿ ಹಾಕಿತು, ಕತ್ತರಿ ಮಸೆಯಿರಿ ಎಂದ.

ಕಟ್ಟೆಯ ಮೇಲೆ ಬಕ್ಕಪ್ಪ ಎಂಬ ಮೂವತ್ತರ ಗಂಡಸು ಕೂತಿದ್ದ. ಗಂಡ ಸತ್ತ ಮಾಳವ್ವನ ಮೈದುನ, ಮಾತು ಕಡಿಮೆಯವನು. ಅವತ್ತು ಮಾತ್ರ ಬಾಯಿ ತೆರೆದ.

"ಕಾಕಾ, ನಾನೂ ನಿನ್ನಿ ಮುಂಜಾನಿ ನೋಡೀನಿ. ಹೊಟ್ಟಿ ಇನ್ನಾ ಹಳದಿ ಅದ."

ಇನ್ನು ಗುಟ್ಟು ಬಯಲಾದಂತೆಯೇ ಎಂದು ಅಂಬಣ್ಣ ಹೆದರಿದ. ಸುಮ್ಮನಾಗಲು ಅದೇ ಒಳ್ಳೆಯ ಹೊತ್ತು. ಇನ್ನೊಮ್ಮೆ ನೋಡೋಣ ನಡಿ ಅಂದಿದ್ದರೂ ಸಾಕಿತ್ತು. ಆದರೆ ನಾಲ್ಕು ಮಂದಿಯ ಮುಂದೆ ಹೆದರಿದ ಮನುಷ್ಯನ ನಾಲಿಗೆ ಎಲ್ಲಿಲ್ಲದ ಚುರುಕಾಗುತ್ತದೆ.

"ಹಕ್ಕಿ ಹೊಟ್ಟಿ ಹಳದಿ ಇಲ್ಲೋ ತಮ್ಮಾ, ನಿನ್ನ ಕಣ್ಣಿಗೇ ಕಾಮಾಲಿ ಆಗ್ಯದ. ಮನಿಗಿ ಹೋಗಿ ಔಷಧ ತಗೋ."

ಕಟ್ಟೆಗೆ ಕಟ್ಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಕ್ಕಪ್ಪ ತಲೆ ತಗ್ಗಿಸಿದ. ಅವತ್ತಿನಿಂದ ಊರ ಹೆಂಗಸರೂ ಅವನನ್ನು ಕಂಡರೆ ಕಾಮಾಲಿ ಇಳಿಯಿತೇ ಎಂದು ಕೇಳತೊಡಗಿದರು. ಮಾಳವ್ವ ಮಾತ್ರ ಅಂಬಣ್ಣನ ಮನೆತನಕ ಬಂದು, ತನ್ನ ಕುರಿಗಳೆಲ್ಲ ಗಬ್ಬ ಇವೆ, ನಾಲ್ಕು ದಿನ ತಡೆಯಲೇ ಎಂದು ಕೇಳಿದಳು. ಆಕೆಗೆ ಇದ್ದದ್ದೇ ಹನ್ನೊಂದು ಕುರಿ. ತಡೆಯುವುದೇನೂ ಬೇಡ ಎಂದು ಅಂಬಣ್ಣ ಅಂದ. ಒಳಗಿದ್ದ ಗುಂಡಮ್ಮ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಅದು ಕೇಳಿಸಿದರೂ ಕೇಳಿಸದವನಂತೆ ಕೂತ.

ಮೂರು ಊರಲ್ಲೂ ಉಣ್ಣೆ ಕತ್ತರಿಸಿದರು. ನಗೆಗೀಡಾದ ಮೇಲೆ ಬಕ್ಕಪ್ಪನೂ ಕತ್ತರಿಸಿದ. ಐದನೆಯ ದಿನ ಬಡಗಣ ಗಾಳಿ ಎದ್ದಿತು. ಅದರ ಹಿಂದೆ ಹನಿ ಬಿದ್ದವು, ಹನಿಯ ಹಿಂದೆ ಆಲಿಕಲ್ಲು. ಎರಡು ದಿನ ಸೂರ್ಯ ಕಾಣಲಿಲ್ಲ. ಬೋಳು ಮೈಯ ಕುರಿಗಳನ್ನು ಮಂದಿ ಮನೆಯೊಳಗೆ ಎಳೆದುಕೊಂಡರು, ಹಾಸಿಗೆಯ ಕಂಬಳಿ ಹೊದಿಸಿದರು. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಸತ್ತವು. ಮಾಳವ್ವನ ಹನ್ನೊಂದರಲ್ಲಿ ಎಂಟು ಸತ್ತವು, ಹೊಟ್ಟೆಯೊಳಗಿನ ಮರಿಗಳ ಸಮೇತ.

ಮೂರನೆಯ ದಿನ ಬಿಸಿಲು ಬಿದ್ದಾಗ ಮಂದಿ ಬಂದು ತನ್ನ ಮುಖಕ್ಕೆ ಉಗಿಯುತ್ತಾರೆ ಎಂದು ಅಂಬಣ್ಣ ಕಾದು ಕೂತಿದ್ದ. ಯಾರೂ ಉಗಿಯಲಿಲ್ಲ. ಅವನ ಮನೆತನದ ಮಾತು ಸುಳ್ಳಾಗುತ್ತದೆ ಎಂಬುದು ಅವರ ತಲೆಗೆ ಹೊಳೆಯಲೂ ಇಲ್ಲ. ಬೀರಪ್ಪನ ಕಟ್ಟೆಯ ಮೇಲೆ ಹಿರಿಯನ ಮಾತಿಗೆ ಅಡ್ಡಮಾತು ಆಡಿದವನು ಬಕ್ಕಪ್ಪ, ಅದಕ್ಕೇ ದೇವರು ಮುನಿದ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಅಂಬಣ್ಣನ ಪಾದಕ್ಕೆ ಬಕ್ಕಪ್ಪ ಭಂಡಾರ ಹಾಕಬೇಕು, ಅಂಬಣ್ಣ ಅದೇ ಅರಿಶಿಣವನ್ನು ಅವನ ಹಣೆಗೆ ಹಚ್ಚಿ ಮಾಫ್ ಮಾಡಬೇಕು, ಅಲ್ಲಿಗೆ ಮುನಿಸು ತೀರುತ್ತದೆ ಎಂದರು.

ಅಂಬಣ್ಣ ಕಟ್ಟೆಗೆ ಹೋದ. ಹೋಗಬಾರದಿತ್ತು, ಆದರೂ ಹೋದ. ಬಕ್ಕಪ್ಪ ಮೊಣಕಾಲೂರಿ ಪಾದದ ಮೇಲೆ ಭಂಡಾರ ಸುರಿದು, ನಂದು ತಪ್ಪಾಯಿತು ಎಂದ. ಯಾರೂ ಹೇಳದಿದ್ದರೂ ಅದನ್ನೇ ಮತ್ತೆ ಮತ್ತೆ ಅಂದ. ಅತ್ತಿಗೆಯ ಕುರಿಗಳನ್ನು ತಾನೇ ಕೊಂದೆ ಎಂದು ಅವನು ನಿಜವಾಗಿ ನಂಬಿದ್ದಾನೆ ಎಂದು ಅಂಬಣ್ಣನಿಗೆ ಆಗ ಗೊತ್ತಾಯಿತು. ಗೊತ್ತಾದ ಮೇಲೂ ಅವನ ಹಣೆಗೆ ಹಚ್ಚಿ, ಹೋಗಲಿ ಬಿಡು ಎಂದ. ತನ್ನ ಬಾಯಿಂದ ಬಂದ ಆ ಮಾತು ಕೇಳಿ ಅವನಿಗೇ ಅಸಹ್ಯವಾಯಿತು.

ಮನೆಯಲ್ಲಿ ಗುಂಡಮ್ಮ ಬೈಯಲಿಲ್ಲ. ತಟ್ಟೆ ಇಟ್ಟು ಹೊರಗೆ ಹೋಗಿ ಕೂತಳು. ಮರುದಿನ ಬೆಳಗಾದ ಕೂಡಲೇ ಗೋಡೆ ಹಿಡಿದುಕೊಂಡು ಮಾಳವ್ವನ ಅಂಗಳಕ್ಕೆ ಹೋದ. ಎರಡು ವರ್ಷದಿಂದ ತನಗೆ ಹಕ್ಕಿ ಕಾಣುವುದಿಲ್ಲ, ಹಕ್ಕಿ ಕೂತ ಗಿಡವೂ ಕಾಣುವುದಿಲ್ಲ, ಬಕ್ಕಪ್ಪ ಕಂಡದ್ದೇ ಖರೆ ಎಂದು ಉಸಿರು ಬಿಡದೆ ಹೇಳಿಬಿಟ್ಟ. ಆಕೆ ಅಳುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡಿದ್ದ. ಆಕೆ ಎರಡನ್ನೂ ಮಾಡಲಿಲ್ಲ.

"ಕಣ್ಣ ಹೋದ್ರ ಹೋಗ್ಲಿ ಅಣ್ಣಾ, ಬಾಯಿ ಇತ್ತಲ್ಲ," ಎಂದಳು. "ಕಾಣವಲ್ದು ಅಂತ ಒಂದ್ ಮಾತ್ ಅಂದಿದ್ರ ಸಾಕಿತ್ತು. ನನ್ನ ಮೈದುನನ ತಲಿ ನಾಕ್ ಮಂದಿ ಮುಂದ ಬಾಗಿಸಿದಿ. ಇದನ್ನೂ ನಾಕ್ ಮಂದಿ ಮುಂದೇ ಹೇಳು."

ಸಂಜೆ ಬಿಸಿಲು ಇಳಿಯುವ ಮುಂಚೆ ಅಂಬಣ್ಣ ಕಟ್ಟೆ ಹತ್ತಿ ಎಲ್ಲವನ್ನೂ ಹೇಳಿದ. ಹಿಂದಿನ ವರ್ಷದ್ದನ್ನೂ ಬಿಡಲಿಲ್ಲ. ತಾನು ಕುರುಡ, ಸುಳ್ಳ, ಎಂಟು ಕುರಿ ಕೊಂದವನು ತಾನೇ ಎಂದ. ಒಬ್ಬರಾದರೂ ಎದ್ದು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟುವ ಸಪ್ಪಳ ಮಾತ್ರ ಕೇಳಿಸಿತು, ಆಮೇಲೆ ಅದೂ ನಿಂತಿತು. ಕಟ್ಟೆಯ ಅಂಚು ಎಲ್ಲಿದೆ ಎಂದು ತಿಳಿಯದೆ ಅವನು ಕಾಲಿನಿಂದ ತಡವರಿಸಿದ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಆಸರೆ ಕೇಳಿದ.

"ಯಾರರ ಅದೀರೇನು?"

"ನಾ ಅದೀನಿ ಕಾಕಾ," ಎಂದ ಬಕ್ಕಪ್ಪ.

ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು ಅಂಬಣ್ಣನಿಗೆ. ಬಿರಿಯಲಿಲ್ಲ. ಬಕ್ಕಪ್ಪ ಬಂದು ಅವನ ರಟ್ಟೆ ಹಿಡಿದ. ಕಟ್ಟೆ ಇಳಿಸಿ ಮನೆಯ ಬಾಗಿಲತನಕ ನಡೆಸಿಕೊಂಡು ಹೋದ.