ನೋಡದ ಅಂಗಾಲು

ಆಗ ನನಗೆ ಐವತ್ತೆರಡು. ಹದಿನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ಸಿರುಗುಪ್ಪದ ದವಾಖಾನೆಯಲ್ಲಿ ಸ್ಪಿರಿಟ್ ಹತ್ತಿಯ ವಾಸನೆ ಮೂಗಿಗೆ ಬಡಿಯಿತು, ಅಕ್ಕನಂತಿದ್ದ ಪಕ್ಕದ ಮನೆಯ ಆಪಾ ನೆನಪಾದಳು.

ಸಿರಿಗೇರಿಯಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಅವಳದು ಒಂಟಿ ಜೀವ. ಸಕ್ಕರೆ ಕಾಯಿಲೆ ಅವಳಿಗೆ ಮೊದಲು ಬಂತು, ನನಗೆ ಆಮೇಲೆ. ಆಸ್ಪತ್ರೆಯ ನರ್ಸಮ್ಮ ಹೇಳಿದ್ದು ಒಂದೂ ನನ್ನ ತಲೆಗೆ ಹೋಗಲಿಲ್ಲ. ಅನ್ನ ಎಷ್ಟು, ರೊಟ್ಟಿ ಎಷ್ಟು, ಕೈಕಾಲು ನಡುಗಿ ಬೆವರು ಬಂದರೆ ಬಾಯಿಗೆ ಬೆಲ್ಲ... ಎಲ್ಲ ಕಲಿಸಿದವಳು ಆಪಾ. ಇನ್ಸುಲಿನ್ ಸೂಜಿ ಹಿಡಿದು ನಾನು ಹೆದರಿದರೆ ನಗುತ್ತಿದ್ದಳು.

"ಹಾವು ಕಂಡ್ರ ಸಲಿಕಿ ತಗಂಡು ಬಡಿತಿ, ಇಷ್ಟು ಸೂಜಿಗೆ ಸಾಯ್ತಿಯಲ್ಲ."

ಅವಳ ಕಣ್ಣು ಆಗಲೇ ಮಂಜಾಗಿತ್ತು. ಅಂಗಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಬರಿಗಾಲಲ್ಲಿ ನಡೆಯಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಚಪ್ಪಲಿ ಮೆಟ್ಟಿ ಭತ್ತದ ನಾಟಿಗೆ ಯಾರು ಇಳಿಯುತ್ತಾರೆ? ನಾಟಿ ಬಿಟ್ಟರೆ ಹೊಟ್ಟೆಗಿಲ್ಲ. ಅದಕ್ಕೆ ಸಂಜೆ ಕಾಲು ತೊಳೆದ ಮೇಲೆ ಅವಳ ಅಂಗಾಲು ನಾನು ನೋಡಬೇಕು ಎಂದು ಮಾತಾಯಿತು. ಎರಡು ವರ್ಷ ನೋಡಿದೆ.

ಆ ಸಲ ನಾಟಿಯಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಆಪಾ ಕಟ್ಟೆಯ ಮೇಲೆ ಕಾಲು ಚಾಚಿದಳು. ನಾನು ಮುಟ್ಟಿದಂತೆ ಮಾಡಿ ಬಿಟ್ಟೆ.

"ಸರಿಯಾಗಿ ನೋಡಿದಿ ಏನ್ ತಂಗಿ?"

"ನೋಡೀನಿ ಆಪಾ. ಏನೂ ಇಲ್ಲ."

ಐದು ದಿನ ಹಾಗೇ ಅಂದೆ. ಆರನೆಯ ದಿನ ಅವಳಿಗೆ ಚಳಿಜ್ವರ. ಕಾಲು ಎತ್ತಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಬಸವನಹುಳದ ಚಿಪ್ಪಿನ ಚೂರು ಹೊಕ್ಕಿತ್ತು. ಸುತ್ತ ಕಪ್ಪಾಗಿ ನಾರುತ್ತಿತ್ತು...

ಬಳ್ಳಾರಿ ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ಕಾಲು ತೆಗೆಯಬೇಕು ಎಂದರು. ದಿನಾ ಕಾಲು ನೋಡಿಕೊಳ್ಳಿ ಎಂದು ಹೇಳಿರಲಿಲ್ಲವೇ ಎಂದು ಡಾಕ್ಟರು ನನ್ನ ಕಡೆ ತಿರುಗಿ ಬೈದರು. ಆಪಾ ನನ್ನ ಕೈ ಹಿಡಿದುಕೊಂಡಳು.

"ಇಕಿ ದಿನಾ ನೋಡ್ಯಾಳ್ರಿ ಸಾಹೇಬ್ರ. ಇಕಿಗೆ ಏನೂ ಅನಬ್ಯಾಡ್ರಿ."

ಕಾಲು ತೆಗೆದರೂ ವಿಷ ಮೈಗೆಲ್ಲ ಏರಿತ್ತು. ಮೂರನೆಯ ದಿನ ಸತ್ತಳು. ಹೇಳುವುದಿದ್ದರೆ ಮೂರು ದಿನ ಇತ್ತು... ಹೇಳಲಿಲ್ಲ. ಈಗ ನನ್ನ ಕಣ್ಣೂ ಮಂಜಾಗಿದೆ. ನನ್ನ ಕಾಲು ನೋಡು ಎಂದು ಯಾರನ್ನೂ ಕೇಳುವ ಮುಖ ನನಗಿಲ್ಲ.

ಅಂದು ಆಪಾಳನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೋದೆ. ಗುಂಪಿನಲ್ಲಿ ಆಪಾ ನಿಲ್ಲುತ್ತಿದ್ದ ಸಾಲು ಖಾಲಿ ಇತ್ತು. ಅದನ್ನೂ ನಾನೇ ನೆಟ್ಟೆ.